ಅವ್ವನ ದನಿ ಯಾವ ಹೆಡ್‌ಫೋನಿನ್ಯಾಗ ಅದ?

ಹ್ವಾದ ದೀಪಾವಳಿಗೆ ನಾನೂ ನನ್ನ ತಂಗೀನೂ ಎರಡು ದಿನ ಮಾತು ಬಿಟ್ಟಿದ್ವಿ. ಹೊಲದ ಸಲುವಾಗಿ ಅಲ್ಲ, ಅವ್ವನ ಪಾಟ್ಲಿ ಬಿಲ್ವಾರದ ಸಲುವಾಗೂ ಅಲ್ಲ. ಕಿವಿಗೆ ಹಾಕ್ಕೊಳ್ಳೋ ಹೆಡ್‌ಫೋನಿನ ಸಲುವಾಗಿ. ನಗಬ್ಯಾಡ್ರಿ, ಪೂರಾ ಕೇಳ್ರಿ.

ನಮ್ಮ ಅಣ್ಣನ ಮಗ ಬೆಂಗಳೂರಾಗ ನೌಕರಿ ಮಾಡ್ತಾನ. ಅವಗ ಒಂದು ಹುಚ್ಚದ. ಸೀರಿ ಅಂಗಡ್ಯಾಗ ನಾವು ಸೆರಗು ತಿರುವಿ ಹಾಕಿ ನೋಡ್ತೀವಲ್ಲಾ, ಹಂಗ ಅಂವ, ಅವನ ಗೆಳ್ಯಾರು ರವಿವಾರಕ್ಕೊಮ್ಮೆ ಕೂಡಿ, ಒಂದ ಹಾಡನ್ನ ನಾಕು ಹೆಡ್‌ಫೋನಿನ್ಯಾಗ ಕೇಳಿ, ಯಾವುದರ ದನಿ ಛಲೋ ಅಂತ ತಾಸುಗಟ್ಟಲೆ ವಾದ ಮಾಡ್ತಾರ. ಒಂದೊಂದರ ಕಿಮ್ಮತ್ತು ಕೇಳಿದ್ರ ಎದಿ ಧಸಕ್ಕಂತದ. ಈ ಸಲ ಹಬ್ಬಕ್ಕ ಬರೂಮುಂದ ಅಂಥಾವು ಮೂರು ತಂದಿದ್ದ. ಅದರ ಜೋಡಿ ಇನ್ನೊಂದು ತಂದಿದ್ದ, ಅವ್ವನ ದನಿ.

1986ರಾಗ ನಮ್ಮ ಮನಿಗೆ ಟೂ-ಇನ್-ಒನ್ ಬಂದ ಹೊಸದಾಗಿ, ಅವ್ವ ಪಡಸಾಲ್ಯಾಗ ತೂಗುಮಂಚದ ಮ್ಯಾಲೆ ಕೂತು ಬತ್ತಿ ಹೊಸಕೋತ ದೇವರನಾಮ ಹಾಡಿದ್ದನ್ನ ಅಣ್ಣ ಆಕಿಗೆ ಗೊತ್ತಾಗಧಂಗ ಟೇಪ್ ಮಾಡಿದ್ದ. ಅವ್ವ ಹೋಗಿ ಹದಿನಾಕು ವರ್ಷ ಆತು. ಆ ಕ್ಯಾಸೆಟ್ಟು ಟ್ರಂಕಿನ್ಯಾಗ ಇತ್ತು. ಹುಡುಗ ಅದನ್ನ ಒಯ್ದು, ಫೋನಿನ್ಯಾಗ ಕೇಳೂವಂಗ ಮಾಡಿಸಿಕೊಂಡು ಬಂದಿದ್ದ.

ನಾನು ಮೂರೂ ಹಾಕ್ಕೊಂಡು ಕೇಳಿದೆ. ಮೊದಲನೇದರಾಗ ದನಿ ದಪ್ಪ, ಕಂಬಳಿ ಹೊದ್ದಂಗ. ಎರಡನೇದರಾಗ ಅವ್ವ ಎದುರಿಗೇ ಬಂದು ಕೂತಂಗಾತು. ಬಳಿ ಸಪ್ಪಳ, ತೂಗುಮಂಚದ ಕೊಂಡಿ ಕಿರ್ರ್ ಅನ್ನೂದು, ಹಾಡಿನ ನಡುವ ಉಸಿರು ತಗೊಳ್ಳೂದು, ಎಲ್ಲಾ ಕೇಳಿಸ್ತು. ಕಣ್ಣಾಗ ನೀರು ಬಂತು. "ಇದ ನೋಡು ಅವ್ವ" ಅಂದೆ. ತಂಗಿ ಹಾಕ್ಕೊಂಡ್ಲು, ಎರಡು ನಿಮಿಷಕ್ಕ ಕಿತ್ತು ಇಟ್ಲು. "ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತದ ಅಕ್ಕಾ. ಅವ್ವನ ದನಿ ಹಿಂಗ ಕರಕರ ಇರಲಿಲ್ಲ. ಮೊದಲನೇದರಾಗ ಇದ್ದಾಕಿ ನಮ್ಮವ್ವ" ಅಂದ್ಲು. ಮಾತಿಗೆ ಮಾತು ಬೆಳೀತು. ಕಡೀಕ ನಾನು ಅನಬಾರದ ಮಾತು ಅಂದೆ: "ನೀ ಹತ್ತೊಂಬತ್ತಕ್ಕ ಮದಿವಿ ಆಗಿ ಹೋದಾಕಿ. ಅವ್ವನ ದನಿ ನಿನಗೇನ ಗೊತ್ತು?" ಆಕಿ ಎದ್ದು ಹಿತ್ತಲಕ್ಕ ಹೋದ್ಲು. ಮುಗೀತು, ಎರಡು ದಿನ ಮಾತಿಲ್ಲ.

ಆ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಹುಡುಗನ್ನ ಕೂಡಿಸಿಕೊಂಡು "ಈ ಸುಡುಗಾಡು ವಸ್ತು ಎಲ್ಲಿಂದ ಬಂತೋ, ಒಂದ ಹಾಡು ಮೂರರಾಗ ಮೂರು ನಮೂನಿ ಯಾಕ ಕೇಳಿಸ್ತದೋ" ಅಂತ ಕೇಳಿದೆ. ಅಂವ ಹೇಳಿದ್ದು, ಆಮ್ಯಾಲೆ ನಾನ ಹುಡುಕಿ ಓದಿದ್ದು ಎಲ್ಲಾ ಕೂಡಿಸಿ ನಿಮಗ ಬರದೀನಿ. ಇದರಾಗ ನಮ್ಮಂಥ ಹೆಣ್ಮಕ್ಕಳದು, ಅಡಿಗಿ ಮನೀದು ಭಾಳ ಪಾಲದ.

ಕಿವಿಗೆ ಯಂತ್ರ ಕಟಗೊಂಡು ದಿನಾ ದುಡದವರೊಳಗ ಮೊದಲಿನವರು ಟೆಲಿಫೋನ್ ಆಪರೇಟರ್ ಹೆಣ್ಮಕ್ಕಳು. ಮೊದಲು ಈ ಕೆಲಸಕ್ಕ ಹುಡುಗರನ್ನ ಇಟಗೊಂಡಿದ್ರು. ಅವರು ಗಿರಾಕಿಗಳ ಜೋಡಿ ಉಡಾಫಿ ಮಾತಾಡ್ತಿದ್ರು. ಹಿಂಗಾಗಿ 1878ರ ಸೆಪ್ಟೆಂಬರ್ 1ಕ್ಕ ಅಮೆರಿಕಾದ ಬಾಸ್ಟನ್ನಿನ್ಯಾಗ ಎಮ್ಮಾ ನಟ್ ಅನ್ನೋ ಹೆಣ್ಮಗಳನ್ನ ತಗೊಂಡ್ರು. ಆಕಿನ ಜಗತ್ತಿನ ಮೊದಲನೇ ಮಹಿಳಾ ಆಪರೇಟರ್. 1880ರ ದಶಕದಾಗ ಈ ಕೆಲಸಕ್ಕಂತ ಬಂದ ಒಂದು ಸಾಧನ ಹೆಗಲ ಮ್ಯಾಲೆ ಹೊತ್ತುಕೊಳ್ಳೂವಂಥಾದ್ದು, ನಾಕು ಕಿಲೋಕ್ಕಿಂತ ಹೆಚ್ಚು ಭಾರ, ಅದೂ ಒಂದ ಕಿವಿಗೆ. ಕೂಸಿನ್ನ ಹೆಗಲ ಮ್ಯಾಲೆ ಕೂಡಿಸಿಕೊಂಡು ಇಡೀ ದಿನ ಕೆಲಸ ಮಾಡಿಧಂಗ ಅಲ್ಲೇನ್ರಿ?

ಅದ ಹೊತ್ತಿಗೆ ಶ್ರೀಮಂತರು ಇದನ್ನ ಹಾಡು ಕೇಳಲಿಕ್ಕೆ ಬಳಸಾಕ ಹತ್ತಿದ್ರು. 1881ರಾಗ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದೊಳಗ ಕ್ಲೆಮಾಂ ಆದೇರ್ ಅನ್ನಾಂವ ಒಪೆರಾ ನಾಟಕ ಶಾಲಿಯ ವೇದಿಕಿ ಮುಂದ ಮೈಕು ಸಾಲಾಗಿ ಇಟ್ಟು, ತಂತಿ ಎಳದು, ದೂರ ಕೂತ ಮಂದಿಗೆ ಹಾಡು ಕೇಳಿಸಿದ. ಎರಡೂ ಕಿವಿಗೆ ಎರಡು ಬ್ಯಾರೆ ಬ್ಯಾರೆ ರಿಸೀವರ್. ಹಾಡೋರು ಎಡಕ್ಕ ಹೋದ್ರ ಎಡಕ್ಕ, ಬಲಕ್ಕ ಬಂದ್ರ ಬಲಕ್ಕ ಹೋಧಂಗ ಕೇಳಿಸ್ತು. ನಾವು ಈಗ ಸ್ಟೀರಿಯೋ ಅಂತೀವಲ್ಲಾ, ಅದನ್ನ ಮಂದಿ ಅವತ್ತ ಕೇಳಿದ್ರು. ಲಂಡನ್ನಿನ್ಯಾಗ 1895ರಿಂದ ಎಲೆಕ್ಟ್ರೋಫೋನ್ ಅಂತ ಇಂಥದ್ದ ಸೇವಾ ಇತ್ತು, ವಿಕ್ಟೋರಿಯಾ ರಾಣಿನೂ ಕೇಳಿದ್ಲು.

ತಲಿ ಮ್ಯಾಲೆ ಪಟ್ಟಿ, ಎರಡು ಕಿವಿಗೆ ಎರಡು ಬಟ್ಟಲ, ಈ ರೂಪ ನಮಗ ಗೊತ್ತಿರೋ ಹಂಗ ಬಂದದ್ದು ಅಡಿಗಿ ಮನಿಯಿಂದ. ಅಮೆರಿಕಾದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ ಅನ್ನಾಂವಗ ಅಲ್ಲಿನ ದೊಡ್ಡ ಪ್ರಾರ್ಥನಾ ಮಂದಿರದಾಗ ಪ್ರವಚನ ಸರಿ ಕೇಳಿಸ್ತಿರಲಿಲ್ಲ. ಆ ಚಿಂತಿಯೊಳಗ ದನಿ ದೊಡ್ಡದು ಮಾಡೋ ಸಾಧನ ಮಾಡಲಿಕ್ಕೆ ಹೋಗಿ, ಹೆಡ್‌ಫೋನ್ ಮಾಡಿದ. 1910ರಾಗ ಅಮೆರಿಕಾದ ನೌಕಾಪಡಿಗೆ ಬಣ್ಣದ ಕಾಗದದ ಮ್ಯಾಲೆ ನೇರಳಿ ಮಸಿಯೊಳಗ ಪತ್ರ ಬರದು, ಜೋಡಿ ಮಾದರಿನೂ ಕಳಿಸಿದ. ಹುಚ್ಚ ಇರಬೇಕು ಅಂತ ಅಂದುಕೊಂಡವರು ಹಾಕ್ಕೊಂಡು ನೋಡಿ ಬೆರಗಾದ್ರು. ಇನ್ನೂ ಕಳಸು ಅಂದ್ರ ಅಂವ ಏನಂದ ಗೊತ್ತದೇನು, ಒಂದ ಸಲಕ್ಕ ಹತ್ತಕ್ಕಿಂತ ಹೆಚ್ಚು ಆಗೂದಿಲ್ಲ, ನಾನು ಅಡಿಗಿ ಮನ್ಯಾಗ ಕೂತು ಮಾಡ್ತೀನಿ ಅಂದ. ನಾವು ದೀಪಾವಳಿಗೆ ಚಕ್ಕಲಿ ಆರ್ಡರ್ ತಗೊಂಡಂಗ. ಆಮ್ಯಾಲೆ ದೊಡ್ಡ ಕಾರಖಾನಿ ಹಾಕಿದ, ಯುದ್ಧದಾಗ ಭಾಳ ಗಳಿಸಿದ, ಅಷ್ಟನ್ನೂ ಕಳಕೊಂಡು ದಿವಾಳಿ ಆದ. 1961ರಾಗ ಬಡವ ಆಗಿ ತೀರಿಹೋದ.

ಅಲ್ಲಿ ತನಕ ಹೆಡ್‌ಫೋನ್ ಅಂದ್ರ ಮಾತು ತಿಳದ್ರ ಸಾಕು ಅನ್ನೂವಂಥಾದ್ದು. ದನಿ ಛಂದ ಇರಬೇಕು ಅನ್ನೋ ವಿಚಾರ ಆಮ್ಯಾಲಿಂದು. 1937ರಾಗ ಬರ್ಲಿನ್ನಿನ ಬೇಯರ್ ಕಂಪನಿ ಡಿಟಿ 48 ಅನ್ನೋದನ್ನ ತಂದಿತು. ತೆಳ್ಳಗಿನ ಪೊರಿಗೆ ತಂತಿ ಸುರಳಿ ಅಂಟಿಸಿ, ಆಯಸ್ಕಾಂತದ ನಡುವ ಇಟ್ಟು, ಕರೆಂಟು ಏರಿಳಿಧಂಗ ಪೊರಿ ಅಲಗಾಡೂವಂಗ ಮಾಡೂದು. ಇವತ್ತಿಗೂ ಹೆಚ್ಚಿನವು ಇದ ರೀತಿಯೊಳಗ ಇರ್ತಾವ.

ಮನಿಯೊಳಗ ಹಾಡು ಕೇಳಲಿಕ್ಕೆ ಇದನ್ನ ತಂದಾಂವ ಅಮೆರಿಕಾದ ಮಿಲ್ವಾಕಿಯ ಜಾನ್ ಕಾಸ್. ಇವನ ಕಥಿ ಕೇಳಿ ನನಗ ಭಾಳ ನಗು ಬಂತು. ಮದಿವ್ಯಾಗ ಸೋಫಾ ತಗೋರಿ ಅಂತ ಕೊಟ್ಟ ರೊಕ್ಕಾ ತಗೊಂಡು ಹೋಗಿ, ದವಾಖಾನಿ ಪೇಶಂಟರಿಗೆ ಟಿವಿ ಬಾಡಿಗಿ ಕೊಡೋ ಧಂಧೆ ಶುರು ಮಾಡಿದ. ಅವನ ಹೆಂಡತಿ ಎಷ್ಟು ದಿನ ಚಾಪಿ ಮ್ಯಾಲೆ ಕೂತ್ಲೋ ಏನೋ! 1958ರಾಗ ಒಬ್ಬ ಜೊತಿಗಾರನ್ನ ಕೂಡಿಕೊಂಡು ಒಂದು ಕೈಪೆಟ್ಟಿಗಿ ಗ್ರಾಮೊಫೋನ್ ಮಾಡಿ, ಅದರ ಜೋಡಿ ಬ್ಯಾರೆಯವರಿಗೆ ತ್ರಾಸ ಆಗಬಾರದಂತ ಹೆಡ್‌ಫೋನ್ ಇಟ್ಟು ಪ್ರದರ್ಶನಕ್ಕ ಒಯ್ದ. ಬಂದ ಮಂದಿ ಗ್ರಾಮೊಫೋನಿನ ಕಡೆ ತಿರುಗಿನೂ ನೋಡಲಿಲ್ಲ, ಹೆಡ್‌ಫೋನಿಗೆ ಸಾಲು ಹಚ್ಚಿದ್ರು.

ಮುಂದ ಹತ್ತು ವರ್ಷದಾಗ ಎರಡು ದೊಡ್ಡ ಸುಧಾರಣಾ ಆದ್ವು. 1960ರಾಗ ಜಪಾನಿನ ಸ್ಟ್ಯಾಕ್ಸ್ ಕಂಪನಿ ಕೂದಲಕ್ಕಿಂತ ತೆಳುವಾದ ಪೊರೀನ ತೂತು ಇರೋ ಎರಡು ತಗಡಿನ ನಡುವ ಇಟ್ಟು, ನೂರಾರು ವೋಲ್ಟ್ ವಿದ್ಯುತ್ತಿನಿಂದ ಅಲಗಾಡಿಸೋ ಎಲೆಕ್ಟ್ರೋಸ್ಟ್ಯಾಟಿಕ್ ಜಾತಿ ತಂದಿತು. ಪೊರಿ ಹಗುರ ಇದ್ದಷ್ಟು ಸಣ್ಣ ಸಪ್ಪಳ ನಿಚ್ಚಳ ಕೇಳಿಸ್ತಾವ. 1968ರಾಗ ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ತಂದಿತು. ಅದಕ್ಕ ಹಳದಿ ಸ್ಪಂಜು, ಭಾಳ ಹಗುರ. ಅಲ್ಲಿ ತನಕ ಕಿವಿ ಬಟ್ಟಲಾ ಹಿಂದಿನಿಂದ ಡಬ್ಬಿಗತೆ ಮುಚ್ಚಿರ್ತಿದ್ವು, ದನಿ ಒಳಗಿಂದೊಳಗ ಬಡದು ಗುಂಯ್ ಅಂತಿತ್ತು. ಇವರು ಹಿಂಭಾಗಾನ ಜರಡಿಗತೆ ತೆರೆದು ಬಿಟ್ರು. ದನಿಗೆ ಗಾಳಿ ಸಿಕ್ಕಂಗಾತು. ತಲಿ ಒಳಗ ಹಾಡಿಧಂಗ ಅಲ್ಲ, ಕೋಣ್ಯಾಗ ಹಾಡಿಧಂಗ. ಆ ಒಂದ ಮಾದರಿ ಒಂದು ಕೋಟಿಕ್ಕಿಂತ ಹೆಚ್ಚು ಖರ್ಚಾತು. ನಮಗ ಇದರೊಳಗ ಇನ್ನೊಂದು ಅನುಕೂಲ ಅದ. ಹಾಡು ಕೇಳಕೋತ ಕೂತ್ರೂ ಕುಕ್ಕರಿನ ಸೀಟಿ ಕೇಳಿಸ್ತದ.

ಆಮ್ಯಾಲೆ 1979ರ ಜುಲೈ 1ಕ್ಕ ಜಪಾನಿನ್ಯಾಗ ಸೋನಿಯವರ ವಾಕ್‌ಮನ್ ಬಂತು. ಸೋನಿ ಕಟ್ಟಿದವರೊಳಗ ಒಬ್ಬರಾದ ಅಕಿಯೋ ಮೊರಿಟಾ ಅದನ್ನ ತಯಾರಾಗೂಕಿಂತ ಮೊದಲ ಮನಿಗೆ ಒಯ್ದು ಕೇಳಕೋತ ಕೂತಿದ್ರಂತ. ಹೆಂಡತಿಗೆ ಸಿಟ್ಟು ಬಂತು, ತಾನು ಹೊರಗುಳಿದೆ ಅನಿಸ್ತು. ಹಿಂಗಂತ ಮೊರಿಟಾ ಅವರ ಬರಕೊಂಡಾರ. ಅದಕ್ಕ ಮೊದಲಿನ ವಾಕ್‌ಮನ್ನಿಗೆ ಇಬ್ಬರು ಕೂಡಿ ಕೇಳಲಿಕ್ಕೆ ಎರಡು ಪಿನ್ನಿನ ಜಾಗಾ, ನಡುವ ಮಾತಾಡಲಿಕ್ಕೆ ದನಿ ಇಳಿಸೋ ಒಂದು ಕಿತ್ತಳಿ ಬಣ್ಣದ ಗುಂಡಿ ಇಟ್ರು. ಆಮ್ಯಾಲಿನ ಮಾದರಿಯೊಳಗ ಎರಡನೇ ಜಾಗಾ ತಗದ ಬಿಟ್ರು, ಆ ಮಾತು ಬ್ಯಾರೆ.

ಒಂದು ಕಡೆ ವಾಕ್‌ಮನ್ನಿನಿಂದ ಹೆಡ್‌ಫೋನ್ ಎಲ್ಲಾರಿಗೂ ಸಿಕ್ಕಿತು, ಇನ್ನೊಂದು ಕಡೆ ಕಿಮ್ಮತ್ತು ಮುಗಿಲಿಗೆ ಹೋತು. 1991ರಾಗ ಸೆನ್‌ಹೈಸರ್ ಆರ್ಫಿಯಸ್ ಅಂತ ಮಾಡಿದ್ರು, ಸುಮಾರು 300 ಅಷ್ಟ. 2015ರಾಗ ಅದರ ಹೊಸಾ ಅವತಾರ ತೋರಿಸಿದ್ರು. ಅದರ ಜೋಡಿ ಬರೋ ಆಂಪ್ಲಿಫೈಯರಿಗೆ ಇಟಲಿಯ ಕರಾರಾ ಸಂಗಮರವರಿ ಕಲ್ಲು, ಚಾಲೂ ಮಾಡಿದ್ರ ಗಾಜಿನ ವಾಲ್ವುಗಳು ತಾವಾಗೇ ಮ್ಯಾಲೆ ಏಳ್ತಾವ. ಆವಾಗ ಅದರ ಕಿಮ್ಮತ್ತು 50,000 ಯುರೋದ ಆಸುಪಾಸು ಇತ್ತು. ಹುಬ್ಬಳ್ಳ್ಯಾಗ ಒಂದು ಸಣ್ಣ ಮನಿ ಬರ್ತದೋ ಏನೋ.

ಇಂಥಾವನ್ನ ಹೋಲಿಸೋ ಮಂದಿಗೆ ಅವರದ ಒಂದು ಭಾಷಾ ಅದ. ಕೆಳಗಿನ ಸ್ವರ ಮುಂದ ಇದ್ರ ಬೆಚ್ಚಗಿನ ದನಿ, ಮ್ಯಾಲಿನ ಸ್ವರ ಮುಂದ ಇದ್ರ ಬೆಳಕಿನ ದನಿ, ಮ್ಯಾಲಿನದು ಮಸುಕಾಗಿದ್ರ ಪರದೆ ಬಿದ್ದ ದನಿ ಅಂತಾರ. ಮೊದಲು ನನಗ ನಗು ಬಂತು. ಆಮ್ಯಾಲೆ ವಿಚಾರ ಮಾಡಿದ್ರ, ನಾವು ಸಾರಿಗೆ ಹಂಗ ಅಲ್ಲೇನು? ಹುಳಿ ಮುಂದ ಬಂದದ, ಉಪ್ಪು ಹಿಂದ ಉಳದದ ಅಂತೀವಿ. ಊಟಕ್ಕ ಕೂತವರಿಗೆ ಅದು ತಿಳೀತದ.

ಆದ್ರ ಸಾರು ಛಲೋ ಆಗೇದೋ ಇಲ್ಲೋ ಅಂತ ಹೇಳೋರ್ಯಾರು? ಮಾಡಿದಾಕೀನೋ, ಉಂಡವರೋ? ಈ ಪ್ರಶ್ನಾ ಹಿಡಕೊಂಡು ಅಮೆರಿಕಾದ ಹಾರ್ಮನ್ ಕಂಪನಿಯ ಸೀನ್ ಆಲಿವ್, ಟಾಡ್ ವೆಲ್ಟಿ ಅನ್ನೋ ಸಂಶೋಧಕರು 2012ರ ಸುಮಾರಿಗೆ ಮಂದೀನ ಕೂಡಿಸಿ ಪರೀಕ್ಷಾ ಮಾಡಿದ್ರು. ಯಾವ ಕಂಪನೀದು, ಎಷ್ಟು ಕಿಮ್ಮತ್ತಿಂದು ಅಂತ ಕೇಳೋರಿಗೆ ಗೊತ್ತಾಗಬಾರದು. ಹಿಂದಿನಿಂದ ಬಂದು ತೊಡಿಸೂದು, ಕೈ ಹಚ್ಚಲಿಕ್ಕೆ ಬಿಡೂದಿಲ್ಲ. ಆದ್ರೂ ಭಾರ, ಬಿಗಿ ತಿಳದುಬಿಡ್ತದಲ್ಲಾ, ಅದಕ್ಕ ಮುಂದ ಒಂದ ಹೆಡ್‌ಫೋನಿನ್ಯಾಗ ಬ್ಯಾರೆ ಬ್ಯಾರೆ ಹೆಡ್‌ಫೋನಿನ ದನಿ ಹುಟ್ಟಿಸೋ ಯುಕ್ತಿ ಮಾಡಿದ್ರು. ಹೆಚ್ಚಿನ ಮಂದಿಗೆ ಹಿಡಿಸಿದ್ದು ಒಂದ ನಮೂನಿ: ಒಳ್ಳೆ ಕೋಣ್ಯಾಗ ಒಳ್ಳೆ ಸ್ಪೀಕರ್ ಇಟ್ಟು ಕೇಳಿಧಂಗ ಇರೋ ದನಿ. ಇನ್ನೊಂದು ತಿಳೀತು. ವಯಸ್ಸಾದವರು ಮ್ಯಾಲಿನ ಸ್ವರ ಜಾಸ್ತಿ, ಕೆಳಗಿಂದು ಕಡಿಮಿ ಬೇಕಂತಾರ. ಇನ್ನ ಕಿಮ್ಮತ್ತಿನ ಮಾತು. 2017ರಾಗ ಜೆರೂನ್ ಬ್ರೇಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನಿನ ಅಳತಿ ತಗೊಂಡು ನೋಡಿದ್ರ, ಏರು ಇಳಿ ಸ್ವರದ ಸಮತೋಲಕ್ಕೂ ಕಿಮ್ಮತ್ತಿಗೂ ಸಂಬಂಧನ ಕಾಣಲಿಲ್ಲ.

ಇದನ್ನ ಓದಿ ನಾನು ಹುಡುಗಗ ಅಂದೆ, ನಮ್ಮ ಪಡಸಾಲ್ಯಾಗೂ ಕಣ್ಣು ಕಟ್ಟಿ ಪರೀಕ್ಷಾ ಆಗಲಿ. ಅಂವ ತಲಿ ಕೆರಕೊಂಡ. "ಅತ್ಯಾ, ನನ್ನದ ಒಂದು ತಪ್ಪಾಗೇದ. ಮೂರಕ್ಕೂ ಫೋನಿನ ದನಿ ಒಂದ ಗೆರಿಗೆ ಇಟ್ಟಿದ್ದೆ" ಅಂದ. ಒಂದೊಂದು ಹೆಡ್‌ಫೋನು ಅಷ್ಟ ವಿದ್ಯುತ್ತಿನಾಗ ಒಂದೊಂದು ಗಟ್ಟಿ ಮಾತಾಡ್ತದಂತ. ಎರಡನೇದು ಉಳದವಕ್ಕಿಂತ ಸ್ವಲ್ಪ ಗಟ್ಟಿ ಇತ್ತು. ಅಷ್ಟು ಸಣ್ಣ ಫರಕು ಗಟ್ಟಿ ಅಂತ ಕಿವಿಗೆ ತಿಳೀದ, ಛಲೋ ಅಂತ ತಿಳೀತದ. ಹೋಲಿಸೋಕಿಂತ ಮೊದಲು ಮೂರರ ದನೀನೂ ಸರಿಸಮ ಮಾಡಬೇಕು, ಇದು ಮೊದಲನೇ ನೇಮ.

ಸರಿಸಮ ಮಾಡಿದ. ವೈನಿ ಎಲ್ಲಾರ ಕಣ್ಣಿಗೂ ಟಾವೆಲ್ ಕಟ್ಟಿದ್ಲು. ಮಾತು ಬಿಟ್ಟಿದ್ರೂ ತಂಗಿ ಬಂದು ಕೂತ್ಲು. ಒಬ್ಬೊಬ್ಬರಿಗೂ ಐದೈದು ಸಲ. ನಾನು ನಾಕು ಸಲ ಎರಡನೇದ್ದ ಹಿಡದೆ. ತಂಗಿ ಐದೂ ಸಲ ಅದನ್ನ ಬಿಟ್ಲು. ವೈನಿ ಹಿಡದದ್ದು ಮೂರನೇದು, ಮೂರರೊಳಗ ಅಗದೀ ಸೋವಿದು! ಹುಡುಗನ ಮಾರಿ ನೋಡಬೇಕಿತ್ತು ನೀವು.

ಆಮ್ಯಾಲೆ ಅಂವ ಫೋನಿನಿಂದ ಒಂದೊಂದ ಸಣ್ಣ ಸೀಟಿ ದನಿ ಕೇಳಿಸಿದ. ಕೆಳಗಿನವು ಎಲ್ಲಾರಿಗೂ ಕೇಳಿದ್ವು. ಮ್ಯಾಲೆ ಮ್ಯಾಲೆ ಹೋಧಂಗ ತಂಗಿ "ಬಂತು, ಬಂತು" ಅಂತಿದ್ಲು. ನಾನು ಸುಮ್ಮ ಕೂತಿದ್ದೆ. ಶುರು ಆಗಿಲ್ಲ ಅಂತ ತಿಳದಿದ್ದೆ. "ಅಕ್ಕಾ, ನಿನಗ ಕೇಳವಲ್ದೇನು?" ಅಂತ ಆಕಿ ಕೇಳಿದ್ಲು. ಎರಡು ದಿನದ ಮ್ಯಾಲೆ ಆಕಿ ಆಡಿದ ಮೊದಲನೇ ಮಾತು ಅದು.

ಹಬ್ಬ ಮುಗಿದ ಮ್ಯಾಲೆ ಕಿವಿ ಡಾಕ್ಟರ ಕಡೆ ಹೋದೆ. ಆಕಿನ ಕರಕೊಂಡು ಹೋದ್ಲು. ಮುಚ್ಚಿದ ಕೋಣ್ಯಾಗ ಕೂಡಿಸಿ, ಅಲ್ಲಿನೂ ಹೆಡ್‌ಫೋನ್ ಹಾಕಿ, ಗೆರಿ ಎಳದು ತೋರಿಸಿದ್ರು. ನನಗ ಈಗ ಅರವತ್ತೊಂದು. 3,000 ಹರ್ಟ್ಸ್ ತನಕ ನೆಟ್ಟಗಿದ್ದ ಗೆರಿ ಅಲ್ಲಿಂದ ಮುಂದ ಜಾರಗುಂಡಿಗತೆ ಇಳದದ. ಕೂಸಿಗೆ 20ರಿಂದ 20,000 ಹರ್ಟ್ಸ್ ತನಕ ಕೇಳಿಸ್ತದ, ವಯಸ್ಸಾಧಂಗ ಮ್ಯಾಲಿಂದು ಮೊದಲು ಹೋಗ್ತದ. ಕಿವಿ ಒಳಗಿನ ರೋಮಕೋಶ ಒಮ್ಮೆ ಸತ್ರ ಮತ್ತ ಹುಟ್ಟೂದಿಲ್ಲ. 'ಸ', 'ಶ' ಇಂಥಾ ಅಕ್ಷರ, ಬಳಿ ಸಪ್ಪಳ, ಉಸಿರು, ಎಲ್ಲಾ ಮ್ಯಾಲಿನ ಸ್ವರದೊಳಗ ಇರ್ತಾವ. ಎರಡು ವರ್ಷದಿಂದ ಮನ್ಯಾಗ ಎಲ್ಲಾರೂ ಬಾಯೊಳಗ ಮಾತಾಡ್ತಾರ ಅಂತ ನಾನು ಬೈಕೋತ ಇದ್ದೆ. ಅವರ ಬಾಯಿ ಸರಿನ ಇತ್ತು.

ಆವಾಗ ಲೆಕ್ಕ ಹತ್ತಿತು. ಎರಡನೇ ಹೆಡ್‌ಫೋನು ಮ್ಯಾಲಿನ ಸ್ವರ ಎತ್ತಿ ಕೊಡೂವಂಥಾದ್ದು. ನನ್ನ ಕಿವಿ ಕಳಕೊಂಡದ್ದನ್ನ ಅದು ತುಂಬಿ ಕೊಟ್ಟಿತು. ತಂಗಿ ಕಿವಿ ಇನ್ನೂ ಗಟ್ಟಿ ಅದ, ಆಕಿಗೆ ಅದು ಉಪ್ಪಿನ ಮ್ಯಾಲೆ ಉಪ್ಪು. ಹಂಗಂದ್ರ ನಾನು ಎರಡನೇದರಾಗ ಕೇಳಿದ್ದೂ, ಆಕಿ ಮೊದಲನೇದರಾಗ ಕೇಳಿದ್ದೂ ಹತ್ತರಹತ್ತರ ಒಂದ ಅವ್ವ. ಅನಬಾರದ್ದು ಅಂದೆನಲ್ಲಾ, ಆ ಮಾತಿಗೆ ದವಾಖಾನಿ ಬಾಗಲಾಗ ನಿಂತು ತಪ್ಪಾತವಾ ಅಂದೆ. "ಹೋಗ್ಲಿ ಬಿಡು, ನಡಿ, ಗಿರಮಿಟ್ ತಿನ್ನೂಣು" ಅಂದ್ಲು.

ನಮ್ಮ ಧಾರವಾಡದ ಮಂದಿಗೆ ಇದು ಹೊಸದೇನಲ್ಲ. ತಂಬೂರಿ ಕುದುರಿ ಮ್ಯಾಲೆ ತಂತಿ ಕೆಳಗ ಒಂದು ದಾರ ಇಟ್ಟಿರ್ತಾರ, ಅದನ್ನ ಕೂದಲೆಳಿಯಷ್ಟು ಸರಿಸಿದ್ರ ಝೇಂಕಾರನ ಬ್ಯಾರೆ ಆಗ್ತದ. ಎಲ್ಲಾರಿಗೂ ಒಂದ ಜಾಗಾ ಅಂತ ಇಲ್ಲ, ಹಾಡೋರು ತಮ್ಮ ಕಂಠಕ್ಕ, ತಮ್ಮ ಕಿವಿಗೆ ಹೊಂದೂವಂಗ ಸರಿಸಿಕೊಳ್ತಾರ. ಅವ್ವ 1950ರಾಗ ಆಕಾಶವಾಣಿ ಧಾರವಾಡ ಶುರು ಆದಾಗಿಂದ ರೇಡಿಯೋ ಮುಂದ ಕೂತ ಹಾಡು ಕಲತಾಕಿ. ಆಕಿನೂ ರೇಡಿಯೋದ ಗುಂಡಿ ತಿರಿವಿ ತಿರಿವಿ, ತನ್ನ ಕಿವಿಗೆ ಸರಿ ಆದಾಗ ಬಿಡ್ತಿದ್ಲು. ನಾವು ಹೋಗಿ ಮುಟ್ಟಿದ್ರ ಬೈತಿದ್ಲು.

ನಿಮಗ ನಾಕು ಮಾತು ಹೇಳಿ ಮುಗಸ್ತೀನಿ. ಮಕ್ಕಳು ಹೆಡ್‌ಫೋನ್ ಕೊಡಸ್ತೀನಿ ಅಂದ್ರ ಕಿಮ್ಮತ್ತು ನೋಡಬ್ಯಾಡ್ರಿ, ನಿಮಗ ಗೊತ್ತಿರೋ ಒಂದು ದನಿ ಹಚ್ಚಿ, ಸರಿಸಮ ಗಟ್ಟಿ ಇಟ್ಟು, ಕಣ್ಣು ಮುಚ್ಚಿ ಕೇಳ್ರಿ. ದನಿ ಭಾಳ ಏರಿಸಬ್ಯಾಡ್ರಿ. 80 ಡೆಸಿಬಲ್ ಆದ್ರ ವಾರಕ್ಕ 40 ತಾಸು, ಅದಕ್ಕಿಂತ ಹೆಚ್ಚು ಬ್ಯಾಡ ಅಂತ ವಿಶ್ವ ಆರೋಗ್ಯ ಸಂಸ್ಥಾದವರು ಹೇಳ್ಯಾರ. ಐವತ್ತು ದಾಟಿದವರು ಕಣ್ಣು ತೋರಿಸಿಧಂಗ ಕಿವಿನೂ ತೋರಿಸ್ರಿ. ಟ್ರಂಕಿನ್ಯಾಗ ಯಾರದರೆ ದನಿ ಇರೋ ಕ್ಯಾಸೆಟ್ ಇದ್ರ, ಬೂಸು ಹಿಡಿಯೂಕಿಂತ ಮೊದಲು ತಗೀರಿ.

ಹುಡುಗ ಬೆಂಗಳೂರಿಗೆ ಹೋಗೂಮುಂದ ಮೂರರಾಗ ಎರಡು ಇಲ್ಲೇ ಬಿಟ್ಟು ಹೋದ. ಜೋಡಿ ಒಂದು ಸಣ್ಣ ವಾಯರ್ ಕೊಟ್ಟಾನ, ಒಂದು ಕಡೆ ಫೋನಿಗೆ ಸಿಗಿಸಿದ್ರ ಇನ್ನೊಂದು ಕಡೆ ಎರಡು ಹೆಡ್‌ಫೋನಿಗೆ ಜಾಗಾ ಅದ, ಮೊರಿಟಾ ಅವರ ಮೊದಲಿನ ವಾಕ್‌ಮನ್ನಿಗೆ ಇತ್ತಲ್ಲಾ ಹಂಗ. ತಂಗಿ ರವಿವಾರ ಬಂದಾಗ ಪಡಸಾಲ್ಯಾಗ ಕೂತು ಕೇಳ್ತೀವಿ. ಆಕಿದು ಆಕಿಗೆ, ನಂದು ನನಗ. ಅವ್ವ ಬತ್ತಿ ಹೊಸಕೋತ ಹಾಡ್ತಿರ್ತಾಳ. ಉಸಿರು ತಗೊಳ್ಳೋ ಜಾಗಾಕ್ಕ ತಂಗಿ ನನ್ನ ಕೈ ಒತ್ತತಾಳ. ನನಗ ಕೇಳಿಸ್ತು ಅಂತ ನಾನೂ ತಿರುಗಿ ಒತ್ತತೀನಿ.